ದೇವಿಯ ಸೀರೆಯ ಕೆಂಪು

೧೪ನೇ ತಾರೀಖು, ಗುರುವಾರ
ಕಾರ್ಖಾನೆಯ ಪಾಲಿಶ್ ಕೋಣೆಯಿಂದ

ಮೂರು ವರ್ಷದಿಂದ ನನ್ನೊಡನೆ ಮಾತು ಬಿಟ್ಟಿರುವ ಯಜಮಾನರಿಗೆ, ಮಾತು ಬಿಡಲು ಬಾರದ ಹೆಂಡತಿಯ ನಮಸ್ಕಾರಗಳು.

ಗೆದ್ದೆ ರೀ! ಮೊದಲು ಅದನ್ನು ಬರೆದುಬಿಡುತ್ತೇನೆ. ಕ್ಷೇಮಸಮಾಚಾರದಿಂದ ಶುರು ಮಾಡಿದರೆ ಅದು ಮುಗಿಯುವಷ್ಟರಲ್ಲಿ ನನ್ನ ಹೊಟ್ಟೆ ಒಡೆದುಹೋದೀತು. ನಿಮ್ಮ ದುರ್ಗೆ ನಿನ್ನೆ ಬೆಳಿಗ್ಗೆ ಹನ್ನೊಂದೂವರೆಗೆ ನೃತ್ಯಶಾಲೆಯ ಸಭಾಂಗಣದ ಗೋಡೆ ಏರಿದಳು. ಹೊಸಬಳಲ್ಲ, ಅದೇ ದುರ್ಗೆ. ಎಂಟು ಕೈ, ಸಿಂಹ, ಕಾಲಡಿಯಲ್ಲಿ ಕೋಣನ ರಾಕ್ಷಸ, ಮೈಮೇಲೆ ನೀವು ಮರದಲ್ಲಿ ಕೂರಿಸಿದ ಅದೇ ಕೆಂಪು ಸೀರೆ. ಆ ಜಾಗದಲ್ಲಿದ್ದ ದೊಡ್ಡ ಗಡಿಯಾರವನ್ನು ಇಳಿಸಿ ಮೆಟ್ಟಿಲ ಕೆಳಗೆ ಒರಗಿಸಿದರು.

ಈಗ ಕ್ಷೇಮ. ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಗೊತ್ತು. ಮಗಳು ತಿಂಗಳಿಗೊಮ್ಮೆ ನಿಮ್ಮಲ್ಲಿಗೆ ಹೋಗಿ ಬಂದಾಗ ನಾನು ಏನೂ ಕೇಳುವುದಿಲ್ಲ, ಅವಳೂ ಏನೂ ಹೇಳುವುದಿಲ್ಲ. ಆಮೇಲೆ ಪಾತ್ರೆ ತೊಳೆಯುತ್ತಾ, ನಲ್ಲಿಗೆ ವರದಿ ಒಪ್ಪಿಸುವವಳ ಹಾಗೆ ಎಲ್ಲವನ್ನೂ ಹೇಳಿ ಮುಗಿಸುತ್ತಾಳೆ. ನೀವು ಆ ಊರಿನ ಮೇಜು ಕುರ್ಚಿಯ ಕಾರ್ಖಾನೆಯಲ್ಲಿ ಬಾಗಿಲ ಚೌಕಟ್ಟು ಜೋಡಿಸುತ್ತೀರಂತೆ. ದೇವರ ಮುಖ ಕೊಯ್ಯುತ್ತಿದ್ದ ಕೈ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದೆ ಎಂದು ಕೇಳಿದ ದಿನ ನಾನು ಅತ್ತೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾವಿಬ್ಬರೂ ಬೇರೆ ಬೇರೆ ಊರಲ್ಲಿ ಸಾವಿರ ಸಲ ಉಂಡು ಮಲಗಿದ್ದಾಯಿತು, ಜಗಳ ಮಾತ್ರ ಎದ್ದು ಕೂತೇ ಇದೆ.

ಅವತ್ತು ನಡೆದದ್ದು ನಿಮಗೆ ಗೊತ್ತಿರುವುದೇ. ಆದರೂ ಒಮ್ಮೆ ನನ್ನ ಕೈಯಿಂದ ಬರೆಯಬೇಕು, ಏಕೆಂದರೆ ಇಷ್ಟು ದಿನ ನಾನು ಅದನ್ನು ನನಗೆ ಅನುಕೂಲವಾಗುವ ಹಾಗೆ ಹೇಳಿಕೊಂಡು ತಿರುಗಿದ್ದೇನೆ. ನೃತ್ಯಶಾಲೆಯವರು ಮಾಡಲು ಹೇಳಿದ್ದ ದುರ್ಗೆಯನ್ನು ನೀವು ಆರು ತಿಂಗಳು ಕೂತು ಮುಗಿಸಿದ್ದಿರಿ. ಬೀಟೆಯ ಹಲಗೆಯಲ್ಲಿ ಗುಳಿ ತೋಡಿ, ಸಿಂಹಕ್ಕೆ ಹಲಸಿನ ಹಳದಿ, ಮುಖಕ್ಕೆ ಹಾಲೆಮರದ ಬಿಳಿ, ರಾಕ್ಷಸನಿಗೆ ಕರಿಮರ, ಒಂದೊಂದನ್ನೂ ಕಾಸಿನ ದಪ್ಪಕ್ಕೆ ಕೊಯ್ದು ಕೂರಿಸಿದ್ದಿರಿ. ಪಾಲಿಶ್ ಮಾತ್ರ ಬಾಕಿ, ಅದು ನನ್ನ ಕೆಲಸ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನಲ್ಲಿ ಬಟ್ಟೆಯ ಉಂಡೆ ಅದ್ದಿ, ಪಾದದಿಂದ ಮೇಲಕ್ಕೆ ಉಜ್ಜುತ್ತಾ ಹೋದೆ. ಸೀರೆ ದಾಟಿ ಮುಖಕ್ಕೆ ಬಂದಾಗ ಉಂಡೆ ಕೆಂಪಗಾಗಿತ್ತು, ಬಿಳಿಯ ದೇವಿ ಕೆನ್ನೆಗೆ ಏಟು ತಿಂದವಳ ಹಾಗೆ ಕಾಣುತ್ತಿದ್ದಳು. ಹೇಳಿದ್ದಕ್ಕಿಂತ ಎರಡು ಗಂಟೆ ಮೊದಲೇ ನೃತ್ಯಶಾಲೆಯ ಸಮಿತಿಯವರು ಬಾಗಿಲಲ್ಲಿ ನಿಂತದ್ದು ಸರಿಯಾಗಿ ಆಗಲೇ.

ಅಧ್ಯಕ್ಷರಾದ ಮೇಷ್ಟ್ರು ನನ್ನ ಕೈಯಿಂದ ಉಂಡೆ ತೆಗೆದುಕೊಂಡು, "ಇದೇನಮ್ಮಾ, ಬಣ್ಣ ಬಿಡ್ತಿದೆ?" ಎಂದರು. ಅವರು ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವರು, ಅವರ ಕಣ್ಣಿಗೆ ಏನೂ ತಪ್ಪುವುದಿಲ್ಲ. ನಮ್ಮಪ್ಪ ಬರೆಸಿದ ಬೋರ್ಡು ಅವರ ತಲೆಯ ಮೇಲೇ ಇತ್ತು: "ಇಲ್ಲಿ ಮರದ ಬಣ್ಣವೇ ಬಣ್ಣ." ನೀವು ನಾಲ್ಕು ಮಾರು ದೂರದಲ್ಲಿ ಉಳಿ ಮಸೆಯುತ್ತಿದ್ದಿರಿ. ಇದೇನು ರೀ ಎಂದು ಒಂದು ಮಾತು ಕೇಳಲು ಎಷ್ಟು ಹೊತ್ತು ಬೇಕಿತ್ತು? ಕೇಳಲಿಲ್ಲ. ಬೋರ್ಡು ಉಳಿಸಿಕೊಳ್ಳುವ ಆತುರದಲ್ಲಿ, "ನಮ್ಮ ಮನೇಲಿ ಬಣ್ಣ ಹಾಕಲ್ಲ ಸಾರ್, ಹಾಕಿದ್ರೆ ಇವರೇ ಹಾಕಿರಬೇಕು. ನಮ್ಮಪ್ಪ ಇದ್ದಿದ್ರೆ ಇವರನ್ನ ಬಾಗಿಲೊಳಗೆ ಬಿಡ್ತಿರಲಿಲ್ಲ" ಎಂದುಬಿಟ್ಟೆ.

ನೀವು ಕೂಗಾಡಲಿಲ್ಲ. "ಇಪ್ಪತ್ತೆರಡು ವರ್ಷ ಜೊತೇಲಿ ಕೆಲಸ ಮಾಡಿದೀವಿ. ನೀನಾದ್ರೂ ಕೇಳಬಹುದಿತ್ತು" ಎಂದಷ್ಟೇ ಹೇಳಿ, ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟು ಮಾಡಿಯೂ ಬೋರ್ಡಿನ ಮಾನ ಉಳಿಯಿತೇ? ಸಮಿತಿಯವರು ದೇವಿಯನ್ನು ಬೇಡವೆಂದರು. ಪೇಟೆಯಲ್ಲಿ ನಮಗೆ "ಬಣ್ಣದ ಕಾರ್ಖಾನೆ" ಎಂಬ ಹೆಸರು ಬಿತ್ತು. ದುರ್ಗೆ ಹಳೆಯ ಹೊದಿಕೆ ಹೊದ್ದು, ಪಾಲಿಶ್ ಕೋಣೆಯ ಗೋಡೆಗೆ ಮುಖ ಮಾಡಿ ನಿಂತಳು. ನಾನು ಅವಳಿಗೆ ಬೆನ್ನು ಮಾಡಿ ಡಬ್ಬ, ತಟ್ಟೆ, ಫೋಟೋ ಚೌಕಟ್ಟುಗಳಿಗೆ ಪಾಲಿಶ್ ಹಾಕುತ್ತಾ ಬಂದೆ.

ಎರಡು ತಿಂಗಳ ಹಿಂದೆ ಅದೇ ಮೇಷ್ಟ್ರು ಮತ್ತೆ ಬಂದರು. ಬೇರೆ ಎರಡು ಕಾರ್ಖಾನೆಯವರು ಅಷ್ಟು ದೊಡ್ಡ ದೇವಿ ನಮ್ಮಿಂದಾಗದು ಎಂದರಂತೆ. "ಮಕ್ಕಳು ಗಡಿಯಾರಕ್ಕೆ ಕೈಮುಗಿದು ನೃತ್ಯ ಶುರು ಮಾಡ್ತಿದಾರಮ್ಮಾ, ನೋಡೋಕಾಗಲ್ಲ. ಹೊಸದೊಂದು ದುರ್ಗೆ ಮಾಡಿಕೊಡಿ, ಆದ್ರೆ ಈ ಸಲ ಬಣ್ಣ ಇರಬಾರದು" ಎಂದರು. ನನಗೆ ಆ ಧೈರ್ಯ ಎಲ್ಲಿಂದ ಬಂತೋ, "ಹೊಸದು ಮಾಡಲ್ಲ ಸಾರ್. ಅದೇ ದೇವಿ, ಅದೇ ಸೀರೆ. ಕೆಟ್ಟಿರೋ ಮುಖ ಒಂದನ್ನ ಬದಲಾಯಿಸಿ ಕೊಡ್ತೀನಿ. ಬೇಡ ಅಂದ್ರೆ ಗಡಿಯಾರಕ್ಕೇ ಸೀರೆ ಉಡಿಸ್ಕೊಳ್ಳಿ" ಎಂದೆ.

ಮೇಷ್ಟ್ರು ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಕನ್ನಡಕ ಒರೆಸಿಕೊಂಡು ಒಂದು ಷರತ್ತು ಹಾಕಿದರು. ಗೋಡೆಗೆ ಏರಿಸುವ ಮೊದಲು ಇಡೀ ಸಮಿತಿಯ ಮುಂದೆ ಅವರೇ ಸ್ಪಿರಿಟ್ ಹತ್ತಿಯಿಂದ ಉಜ್ಜಿ ನೋಡುತ್ತಾರೆ. ಹಾಕಿದ ಬಣ್ಣವೆಂದು ಸಾಬೀತಾದರೆ ದೇವಿ ವಾಪಸ್ಸು, ಜೊತೆಗೆ ನಮ್ಮಪ್ಪನ ಬೋರ್ಡನ್ನು ನಾನೇ ಏಣಿ ಹತ್ತಿ ಇಳಿಸಬೇಕು. ಆಗಲಿ ಎಂದೆ. ಒಳಗೆ ತಂತಿಗರಗಸ ಹಿಡಿದು ಕೂತಿದ್ದ ನಮ್ಮ ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತುಕೊಂಡರು. "ನಿಮ್ಮಪ್ಪನೂ ಹೀಗೇ, ಹಿಡಿದ ಮೊಲಕ್ಕೆ ಮೂರೇ ಕಾಲು. ಸೀರೆ ಕಿತ್ತು ಬೇರೆ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಈ ಮನೆಯಲ್ಲಿ ಮಾತು ಬಿಡುವುದು ಗಂಡಸರಿಗೆ ಮಾತ್ರ ಬರುತ್ತದೆ.

ಆ ಸಂಜೆಯೇ ನಿಮ್ಮ ಮೂಲೆಯ ಗೋಣಿಚೀಲ ಬಿಚ್ಚಿದೆ. ಅದರೊಳಗೆ ಹಳೆಯ ಪೆಟ್ಟಿಗೆಯೊಂದರ ಕಾಲು ಸಿಕ್ಕಿತು. ಅರ್ಧ ಕೊಯ್ದದ್ದು, ಹೊರಗೆಲ್ಲ ಕಪ್ಪು ಹಿಡಿದದ್ದು. ಗರಗಸ ಇಟ್ಟೆ. ಉದುರಿದ ಪುಡಿ ನೋಡಿ ನನ್ನ ಕೈ ನಿಂತುಹೋಯಿತು. ಪುಡಿ ಕೆಂಪು, ಒಳಗೆ ಕೆಂಪು, ಇನ್ನೂ ಒಳಗೆ ಇನ್ನೂ ಕೆಂಪು. ಒದ್ದೆ ಕಲ್ಲಿಗೆ ತೇಯ್ದರೆ ಕಲ್ಲೂ ಕೆಂಪಾಯಿತು. ರಕ್ತಚಂದನ! ಅದು ಬಣ್ಣ ಬಿಡುತ್ತದೆಂದು ಎಳೆ ಮಕ್ಕಳಿಗೂ ಗೊತ್ತು. ಪಕ್ಕದ ಬಿಳಿಯನ್ನು ಕೆಡಿಸುತ್ತದೆ ಎಂಬ ಕಾರಣಕ್ಕೇ ನಮ್ಮಪ್ಪ ಅದನ್ನು ಹೊಸಿಲು ದಾಟಿಸಿದವರಲ್ಲ. ಹಾಗಾಗಿ ನಮ್ಮಲ್ಲಿ ಯಾವ ದೇವಿಗೂ ಇಟ್ಟಿಗೆಯ ಬಣ್ಣದ ಸೀರೆಯೇ ಗತಿಯಾಗಿತ್ತು. ನಿಮಗೆ ಅದನ್ನು ನೋಡಿ ನೋಡಿ ಬೇಸರವಾಗಿತ್ತು. ನಿಜವಾದ ಕೆಂಪು ಉಡಿಸಿ, ಪಾಲಿಶ್ ಬಿದ್ದು ಅದು ಹೊಳೆದಾಗ ನನ್ನ ಮುಖ ನೋಡಬೇಕೆಂದು ಕಾದಿದ್ದಿರಿ, ಅಲ್ಲವೇ?

ಒಂದು ಮಾತು ಬೈಯದೆ ಮುಂದೆ ಹೋಗಲಾರೆ. ಪಾಲಿಶ್ ಮಾಡುವವಳಿಗೆ ಒಂದು ಸೊಲ್ಲೂ ಹೇಳದೆ ಬಣ್ಣ ಬಿಡುವ ಮರ ಕೂರಿಸುವ ಬುದ್ಧಿವಂತರು ಈ ಭೂಮಿಯ ಮೇಲೆ ನಿಮ್ಮನ್ನು ಬಿಟ್ಟು ಇನ್ನೊಬ್ಬರಿದ್ದಾರೆಯೇ? ಹೆಂಡತಿಯನ್ನು ಬೆರಗುಗೊಳಿಸಲು ಬೇರೆ ದಾರಿ ಇರಲಿಲ್ಲವೇ? ಸರಿ, ಬೈದಾಯಿತು.

ಮುಖದ ಕಥೆ ಕೇಳಿ. ಕೆಂಪು ಇಳಿದಿದ್ದ ಹಳೆಯ ಮುಖವನ್ನು ಉಳಿಯಿಂದ ಎಬ್ಬಿಸಿ ತೆಗೆದೆ. ಅಲ್ಲಿ ಬೀಟೆಯ ಗುಳಿ ಮಾತ್ರ ಉಳಿಯಿತು. ಮುಖವಿಲ್ಲದ ದೇವಿಯ ಎದುರು ಕೂರುವುದು ಎಂಥ ಭಯ ಎಂದು ನಿಮಗೆ ಗೊತ್ತಿರಬಹುದು, ನನಗೆ ಗೊತ್ತಿರಲಿಲ್ಲ. ಉಪ್ಪುಕಾಗದ ಉಜ್ಜಿ, ಪಾಲಿಶ್ ಹಚ್ಚಿ ಗೊತ್ತಿದ್ದವಳು ನಾನು. ಮುಖಕ್ಕೆ ಗರಗಸ ಇಟ್ಟವಳಲ್ಲ. ಚಿಕ್ಕಪ್ಪನಿಗೆ ಈಗ ಕೈ ನಡುಗುತ್ತದೆ, ಅವರು ಸಿಂಹದ ಬಾಲದವರೆಗೆ ಸರಿ. ಹಾಲೆಮರದ ಹಾಳೆ ಕೊಯ್ದು, ನಿಮ್ಮ ನಕ್ಷೆ ಅಂಟಿಸಿ ಕೂತೆ. ಮೊದಲನೆಯದನ್ನು ನೋಡಿ ಚಿಕ್ಕಪ್ಪ, "ಇವಳು ದುರ್ಗೆ ಅಲ್ಲಮ್ಮಾ, ಹಲ್ಲುನೋವಿನವಳು" ಎಂದರು. ಎರಡನೆಯದು ಮೂಗಿನ ಹತ್ತಿರ ಸೀಳಿತು. ಮೂರನೆಯದರ ಮೂಗೇ ಹಾರಿಹೋಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂಬ ಗಾದೆಯನ್ನು ನಾನು ಹನ್ನೊಂದು ಸಲ ಗರಗಸದಲ್ಲಿ ಓದಿದೆ.

ಹನ್ನೊಂದೂ ಯಾಕೆ ಕೆಟ್ಟವು ಎಂದು ತಿಳಿಯಲು ಅವನ್ನೆಲ್ಲ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ನಾವು ಪಾಲಿಶ್‌ನವರು ಮರವನ್ನು ಮಲಗಿಸಿ ನೋಡುವುದಿಲ್ಲ, ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತೇವಲ್ಲ, ಹಾಗೆ ನೋಡಿದೆ. ಆಗ ಕಂಡಿತು. ಮರದ ಎಳೆಗಳು ಕಣ್ಣಿಂದ ಕೆಳಕ್ಕೆ ಇಳಿದಿದ್ದವು. ನಕ್ಕರೂ ಅತ್ತ ಹಾಗೆ ಕಾಣುತ್ತಿತ್ತು. ಎಳೆ ಕೆನ್ನೆಯ ಜೊತೆ ತಿರುಗುವಂಥ ತುಂಡು ಬೇಕಿತ್ತು. ಕೊಂಬೆ ಕವಲೊಡೆಯುವ ಜಾಗದಲ್ಲಿ ಅದು ಸಿಕ್ಕಿತು. ಹನ್ನೆರಡನೆಯದು ಗುಳಿಗೆ ಇಟ್ಟ ತಕ್ಷಣ ಟಕ್ಕೆಂದು ಕೂತಿತು. ಕಣ್ಣಿನ ಗೆರೆ ಕೊರೆದು ಕರಿ ಅರಗು ತುಂಬಿದೆ. ಎಡಗಣ್ಣು ಒಂದು ಕೂದಲೆಳೆಯಷ್ಟು ದೊಡ್ಡದಾಯಿತು. ಸಿಟ್ಟು ಬಂದ ಹೆಂಗಸರಿಗೆ ಹಾಗೇ ಆಗುತ್ತದೆ ಎಂದು ಚಿಕ್ಕಪ್ಪ ನನ್ನನ್ನು ನೋಡುತ್ತಾ ಹೇಳಿದರು.

ಪಾಲಿಶ್ ಹೇಗೆ ಮಾಡಿದೆ ಎಂದು ನೀವು ಕೇಳೇ ಕೇಳುತ್ತೀರಿ. ಮೊದಲು ಸೀರೆಯ ಮೇಲೆ ಮಾತ್ರ, ಉಜ್ಜದೆ, ಕುಂಚದಿಂದ ಮೂರು ಸಲ ತೆಳ್ಳಗೆ ಅರಗು ಎಳೆದು ಒಣಗಿಸಿದೆ, ಅಂಚುಗಳಿಗೂ. ಆಮೇಲೆ ಮುಖಕ್ಕೆ ಒಂದು ಉಂಡೆ, ಸಿಂಹಕ್ಕೆ ಒಂದು, ಸೀರೆಗೆ ಒಂದು. ಬಿಳಿಯಿಂದ ಶುರು, ಕೆಂಪು ಕೊನೆಗೆ, ಕೆಂಪಿನ ಉಂಡೆ ಗೆರೆ ದಾಟುವಂತಿಲ್ಲ. ಹದಿನೆಂಟು ದಿನ. ನಮ್ಮಪ್ಪ ಆಗದು ಎಂದದ್ದು ಆಯಿತು ರೀ. ಬಿಳಿ ಬಿಳಿಯಾಗಿಯೇ ಇದೆ, ಕೆಂಪು ಹೊಳೆಯುತ್ತಿದೆ. ನೀವು ನೋಡಬೇಕಿತ್ತು.

ಇನ್ನು ನಿನ್ನೆಯದು. ನಲವತ್ತು ಜನ ಸೇರಿದ್ದರು. ಅವತ್ತು ನಮ್ಮ ಬಾಗಿಲಲ್ಲಿ ನಿಂತಿದ್ದವರಲ್ಲಿ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ, ನಾನೇ ಮನೆಮನೆಗೆ ಹೋಗಿ ಕರೆದಿದ್ದೆ. ಮೇಷ್ಟ್ರು ತಮ್ಮದೇ ಬಾಟಲಿ, ತಮ್ಮದೇ ಹತ್ತಿ ತಂದಿದ್ದರು. ಸಿಂಹವನ್ನು ಉಜ್ಜಿದರು, ಹತ್ತಿ ಬೆಳ್ಳಗಿತ್ತು. ಮುಖ ಉಜ್ಜಿದರು, ಹತ್ತಿ ಬೆಳ್ಳಗಿತ್ತು. ರಾಕ್ಷಸನ ಮೀಸೆಯನ್ನೂ ಬಿಡಲಿಲ್ಲ. ಅದು ನಿಮ್ಮ ಮೀಸೆಯದೇ ನಕಲೆಂದು ನನಗೆ ಮೊದಲಿನಿಂದ ಗೊತ್ತು, ಗೊತ್ತಿಲ್ಲದವಳ ಹಾಗೆ ಇದ್ದೆ. ಆಮೇಲೆ ಸೀರೆ. ಹತ್ತಿ ಕೆಂಪಾಯಿತು.

ಹಿಂದಿನಿಂದ ಯಾರೋ "ನಾ ಹೇಳ್ಲಿಲ್ವಾ" ಎಂದರು. ಚಿಕ್ಕಪ್ಪ ಕುರ್ಚಿ ಹಿಡಿದುಕೊಂಡರು. ಮೇಷ್ಟ್ರು ಹತ್ತಿಯನ್ನು ಎತ್ತಿ ಎಲ್ಲರಿಗೂ ತೋರಿಸಿ, "ಏನಮ್ಮಾ ಇದು?" ಎಂದು ಬೇಸರದಲ್ಲೇ ಕೇಳಿದರು. ಕೆಂಪು ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು ರೀ. ಬರಲಿ ಎಂದೇ ಸೀರೆ ಬದಲಿಸಿರಲಿಲ್ಲ. ಅದೇ ಕೆಂಪು, ಅದೇ ಜನರ ಕಣ್ಣೆದುರು ಬಂದರೆ ತಾನೇ ನಿಮ್ಮ ಹೆಸರು ತೊಳೆಯುವುದು?

ಚೀಲದಿಂದ ಪೆಟ್ಟಿಗೆಯ ಕಾಲಿನ ತುಂಡು ತೆಗೆದು ನೆಲದ ಮೇಲೆ ನಿಲ್ಲಿಸಿದೆ. ಉಳಿ ಇಟ್ಟು ಕೊಡತಿಯಿಂದ ಎರಡೇ ಏಟು ಹಾಕಿದೆ. ಇಬ್ಭಾಗವಾಯಿತು. "ಸಾರ್, ಇದರ ಒಳಗಡೆ ಉಜ್ಜಿ. ಈಗ ತಾನೇ ಒಡೆದದ್ದು, ಹುಟ್ಟಿದ ಮೇಲೆ ಗಾಳಿ ಕಂಡಿಲ್ಲ" ಎಂದೆ. ಉಜ್ಜಿದರು. ಕೆಂಪು. ಇನ್ನೊಂದು ಹತ್ತಿ ತೆಗೆದರು, ಅದೂ ಕೆಂಪು. "ಮರದ ಹೊಟ್ಟೆಯೊಳಗೆ ಯಾರಮ್ಮಾ ಬಣ್ಣ ಹಾಕೋಕಾಗುತ್ತೆ?" ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. "ಅದನ್ನೇ ನಾನೂ ಕೇಳ್ತಿರೋದು ಸಾರ್" ಎಂದೆ. ಸೀರೆಯೂ ಅದೇ ಮರವೆಂದು ಹೇಗೆ ನಂಬುವುದು ಎಂದು ಹಿಂದಿನ ದನಿ ಕೇಳಿತು. ಚಿಕ್ಕಪ್ಪನಿಗೆ ಎಲ್ಲಿಂದ ಪೌರುಷ ಬಂತೋ, ಮುಂದೆ ಬಂದು ಸೆರಗಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಕೆರೆದು ತೋರಿಸಿದರು. ಬುಡದವರೆಗೂ ಒಂದೇ ಕೆಂಪು. ಆಗ ಅವರ ಕೈ ನಡುಗಲಿಲ್ಲ.

ಮೇಷ್ಟ್ರು ಒಂದು ಚಕ್ಕೆಯನ್ನು ಸ್ಪಿರಿಟ್ ಲೋಟಕ್ಕೆ ಹಾಕಿ, ಅದು ಕೆಂಪಾಗುವುದನ್ನು ತೋರಿಸುತ್ತಾ ಕಾಲು ಗಂಟೆ ಪಾಠ ಮಾಡಿದರು. ಅಷ್ಟು ಸಂತೋಷವಾಗಿ ಯಾರೂ ಸೋತದ್ದನ್ನು ನಾನು ನೋಡಿಲ್ಲ. ಪಾಠ ಮುಗಿದ ಮೇಲೆ, "ಹಾಗಾದ್ರೆ ಮೂರು ವರ್ಷದ ಹಿಂದೆ..." ಎಂದು ನಿಲ್ಲಿಸಿದರು. ಆಗ ನಾನು ಎಲ್ಲರ ಕಡೆ ತಿರುಗಿ ಹೇಳಿದೆ. ಅವತ್ತೂ ಇದೇ ಮರ, ನನ್ನ ಗಂಡ ಬಣ್ಣ ಹಾಕಿದವರಲ್ಲ, ಕೇಳದೆ ಅವರ ಮೇಲೆ ಹೊರಿಸಿದವಳು ನಾನು, ಅವತ್ತು ನಿಮ್ಮ ಮುಂದೆ ಆಡಿದ್ದನ್ನು ಇವತ್ತು ನಿಮ್ಮ ಮುಂದೆಯೇ ನುಂಗಿಕೊಳ್ಳುತ್ತಿದ್ದೇನೆ ಎಂದೆ. ಮೇಷ್ಟ್ರು ಮೊದಲು ಚಪ್ಪಾಳೆ ತಟ್ಟಿದರು. ನೃತ್ಯದ ಮಕ್ಕಳು ಕಾಲಲ್ಲೇ ತಾಳ ಹಾಕಿದರು. ಆ ಸದ್ದಿನಲ್ಲಿ ದೇವಿ ಗೋಡೆ ಏರಿದಳು. ಮಗಳು ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ, ಚಿಕ್ಕಪ್ಪ ಧೂಳು ಕಣ್ಣಿಗೆ ಬಿತ್ತೆಂದು ಮೂಗು ಒರೆಸಿಕೊಂಡರು.

ಕೆಳಗಿನ ಮೂಲೆಯಲ್ಲಿ ನಿಮ್ಮ ಹೆಸರು ಕೊರೆದಿದ್ದೇನೆ. ಪಕ್ಕದಲ್ಲಿ ನನ್ನದನ್ನೂ ಕೊರೆದಿದ್ದೇನೆ, ಸ್ವಲ್ಪ ದೊಡ್ಡದಾಗಿ. ಮುಖ ನನ್ನದಲ್ಲವೇ?

ಮೇಷ್ಟ್ರು ಹೋಗುವಾಗ ಸಭಾಂಗಣದ ಇನ್ನೊಂದು ಗೋಡೆ ತೋರಿಸಿ, ಅಲ್ಲಿಗೆ ನಟರಾಜ ಆಗಬಹುದೇ ಎಂದು ಕೇಳಿದ್ದಾರೆ. ನಟರಾಜನ ಮುಖ ನನ್ನಿಂದ ಆಗುತ್ತದೆ, ಈಗ ಆಗುತ್ತದೆ ಎಂದು ಗೊತ್ತು. ಆದರೆ ಆ ಎತ್ತಿದ ಪಾದ, ಹಾರುವ ಜಡೆ ನಿಮ್ಮ ಕೈಯದು. ನಿಮ್ಮ ಮೂಲೆಯನ್ನು ಗುಡಿಸಿದ್ದೇನೆ. ಮಸೆಗಲ್ಲು ಅಲ್ಲೇ ಇದೆ. ಭಾನುವಾರ ಬೆಳಗಿನ ಬಸ್ಸಿಗೆ ಬನ್ನಿ, ದೇವಿಯನ್ನು ನೋಡಿ, ಆಮೇಲೆ ಮನೆಗೆ ಬರುವುದೋ ಬೇಡವೋ ನಿಮಗೆ ಬಿಟ್ಟದ್ದು. ಬರಲೇಬೇಕು.

ಇಂತಿ,
ಹನ್ನೊಂದು ಮೂಗು ಕೆಡಿಸಿ ಒಂದನ್ನು ಗೆದ್ದ,
ನಿಮ್ಮ ಮನೆಯವಳು

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಏನೂ ಗೊತ್ತಿಲ್ಲದೆ "ಅದೇ ಸೀರೆ" ಎಂದು ಮೇಷ್ಟ್ರಿಗೆ ಹೇಳುವಷ್ಟು ಧೈರ್ಯ ಇವಳಿಗೆ ಹೇಗೆ ಬಂತು ಎಂದು ನಿಮಗೆ ಅನುಮಾನ ಬಂದಿರುತ್ತದೆ. ಬರಲೇಬೇಕು, ನೀವು ನನ್ನನ್ನು ಬಲ್ಲವರು. ಆ ಗೋಣಿಚೀಲ ಬಿಚ್ಚಿದ್ದು ಎರಡು ತಿಂಗಳ ಹಿಂದೆ ಅಲ್ಲ ರೀ. ನೀವು ಹೋಗಿ ತಿಂಗಳು ಕೂಡ ತುಂಬಿರಲಿಲ್ಲ, ಆಗಲೇ ಬಿಚ್ಚಿದ್ದೆ, ಆಗಲೇ ಕೊಯ್ದಿದ್ದೆ, ಆಗಲೇ ನಿಜ ಗೊತ್ತಾಗಿತ್ತು. ಮಾರನೆಯ ದಿನ ಬಸ್ಸು ಹತ್ತಿ ನಿಮ್ಮ ಕಾರ್ಖಾನೆಯ ಗೇಟಿನವರೆಗೂ ಬಂದೆ. ನೀವು ಹೆಗಲ ಮೇಲೆ ಹಲಗೆ ಹೊತ್ತು ಅಂಗಳ ದಾಟುತ್ತಿದ್ದಿರಿ. ಕೂಗಲು ನಾಚಿಕೆಯಾಯಿತು, ವಾಪಸ್ಸು ಬಂದೆ. ಆಮೇಲೆ ಇಷ್ಟು ತಡವಾಗಿ ಹೇಗೆ ಹೇಳುವುದು ಎಂಬ ಇನ್ನೊಂದು ನಾಚಿಕೆ ಸೇರಿಕೊಂಡಿತು. ಗೊತ್ತಿದ್ದೂ ಮೂರು ವರ್ಷ ನಿಮ್ಮನ್ನು ಕಳ್ಳನ ಹಾಗೆ ದೂರ ಇಟ್ಟೆ. ನಿನ್ನೆ ಚಪ್ಪಾಳೆ ತಟ್ಟಿದವರಿಗೆ ಇದು ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಇದನ್ನು ಓದಿದ ಮೇಲೂ ಮನಸ್ಸಾದರೆ ಭಾನುವಾರ ಬನ್ನಿ. ಬರದಿದ್ದರೆ ಸೋಮವಾರ ನಾನೇ ಬರುತ್ತೇನೆ. ಈ ಸಲ ಗೇಟಿನ ಹೊರಗೆ ನಿಲ್ಲುವುದಿಲ್ಲ.